ಅಣುಸ್ಥಾವರಕ್ಕೆ ಹೊರಗಿನ ಸಹಾಯ: ಯಾರನ್ನು ಕರೆಯೋದು, ಯಾರ ಹತ್ತಿರ ಏನು ಕೇಳೋದು?

"ಮಾವ, ನಂಗೆ ಅರ್ಮೇನಿಯಾ ಸಿಕ್ಕಿದೆ!"

ನಾನು ಹಲೋ ಅನ್ನುವ ಮೊದಲೇ ಅಕ್ಕನ ಮಗಳು ಹೇಳಿದ ಮಾತಿದು. ಗೋಣಿಕೊಪ್ಪಲಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಕಾಲೇಜಿನಲ್ಲಿ ಅಣಕು ವಿಶ್ವಸಂಸ್ಥೆ ಮಾಡುತ್ತಾರಂತೆ, ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಡುತ್ತಾರಂತೆ. ಇವಳು ಅರ್ಮೇನಿಯಾ ಪರವಾಗಿ ಎದ್ದು ನಿಂತು, ನಮ್ಮ ಹಳೇ ಅಣುಸ್ಥಾವರದ ಸುರಕ್ಷತೆಗೆ ಯಾವ ಹೊರಗಿನ ಸಹಾಯ ತೆಗೆದುಕೊಳ್ಳುತ್ತೇವೆ, ಯಾವುದು ಬೇಡ ಅನ್ನುತ್ತೇವೆ ಅಂತ ಹೇಳಬೇಕು. ನಾನು ಇಪ್ಪತ್ತೆರಡು ವರ್ಷ ಒಂದು ಅಣುಸ್ಥಾವರದಲ್ಲಿ ಟರ್ಬೈನ್ ಮೇಂಟೆನೆನ್ಸ್ ಕಡೆ ಇದ್ದವನು. ಈಗ ನಾಪೋಕ್ಲು ಹತ್ತಿರ ನಾಲ್ಕೆಕರೆ ಕಾಫಿ ನೋಡಿಕೊಂಡಿದ್ದೇನೆ. ಬರೆದು ಕಳಿಸ್ತೀನಿ ಅಂದೆ. ಬರೆಯುತ್ತಾ ಉದ್ದವಾಯಿತು. ಬೇರೆಯವರಿಗೂ ಉಪಯೋಗ ಆಗಲಿ ಅಂತ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಅಂದ ಹಾಗೆ, ಲೈನ್ ಮೇಲೆ ಸಿಲ್ವರ್ ಮರ ಬಿದ್ದು ನಮ್ಮಲ್ಲಿ ಕರೆಂಟ್ ಹೋಗಿ ಇವತ್ತಿಗೆ ಐದನೇ ದಿನ. ಅರ್ಮೇನಿಯಾ ಬಗ್ಗೆ ಬರೆಯೋಕೆ ಇದಕ್ಕಿಂತ ಒಳ್ಳೇ ಹೊತ್ತು ಸಿಗಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಕಾಯಿಲೆ ಯಾವುದು ಅಂತ ನೋಡಿ

2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡ ಜಾರಿದಾಗ ಎಲ್ಲೆಲ್ಲಿಂದಲೋ ಲಾರಿ ಬಂದವು. ಪುಣ್ಯಾತ್ಮರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಹೋಗಿದ್ದ ಶಿಬಿರದಲ್ಲಿ ಹಳೇ ಬಟ್ಟೆಯ ಮೂಟೆ ಆಳೆತ್ತರಕ್ಕೆ ಬಿದ್ದಿತ್ತು, ಮಳೆಗೆ ನೆನೆದು ವಾಸನೆ ಹೊಡೆಯುತ್ತಿತ್ತು. ಅಲ್ಲಿದ್ದವರು ಕೇಳುತ್ತಿದ್ದದ್ದು ಟಾರ್ಪಾಲು, ಟಾರ್ಚು, ಮರ ಕುಯ್ಯುವ ಮೆಷಿನ್ನಿಗೆ ಪೆಟ್ರೋಲು.

ಅಣುಸ್ಥಾವರದ ಸಹಾಯವೂ ಹಾಗೇ. ಸ್ಥಾವರಕ್ಕೆ ಬರುವ ಕಾಯಿಲೆ ಸುಮಾರಾಗಿ ನಾಲ್ಕು ಥರ. ಒಂದು, ಜನರ ಅಭ್ಯಾಸ ಕೆಟ್ಟಿರುತ್ತದೆ. ಎರಡು, ಸಾಮಾನು ಹಳೇದಾಗಿರುತ್ತದೆ: ಕೇಬಲ್ಲು, ಪಂಪು, ಡೀಸೆಲ್ ಜನರೇಟರು. ಮೂರು, ಸ್ಥಾವರವನ್ನು ಕಾಯಬೇಕಾದ ಸರ್ಕಾರಿ ನಿಯಂತ್ರಣ ಸಂಸ್ಥೆಗೇ ಬೆನ್ನುಮೂಳೆ ಇರಲ್ಲ. ನಾಲ್ಕನೆಯದು ಹುಟ್ಟಿನಿಂದಲೇ ಬಂದದ್ದು, ಡಿಸೈನ್ ದೋಷ. ಬಿಳಿ ಕಾಂಡಕೊರಕ ಹುಳು ಹೊಕ್ಕ ಅರೇಬಿಕಾ ಕಾಫಿ ಗಿಡಕ್ಕೆ ಎಷ್ಟು ಗೊಬ್ಬರ ಹಾಕಿದರೂ ದಂಡ, ಕಿತ್ತು ಸುಡಬೇಕು ತಾನೆ? 1986ರಲ್ಲಿ ಉಕ್ರೇನಿನಲ್ಲಿ ಸ್ಫೋಟಿಸಿದ ಚೆರ್ನೋಬಿಲ್ ಮಾದರಿಯ ರಿಯಾಕ್ಟರುಗಳನ್ನು ಪಶ್ಚಿಮದವರು ನೋಡಿದ್ದು ಹೆಚ್ಚುಕಮ್ಮಿ ಹಾಗೇ. ಅವಕ್ಕೆ ಇಡೀ ರಿಯಾಕ್ಟರನ್ನು ಮುಚ್ಚಿ ಹಿಡಿಯುವ ಗಟ್ಟಿ ಕಾಂಕ್ರೀಟ್ ಕವಚವೇ ಇರಲಿಲ್ಲ.

ಅಭ್ಯಾಸದ ಕಾಯಿಲೆಗೆ ಹೊಸ ಪಂಪು ತರಿಸಿದರೆ ಹಳೇ ಬಟ್ಟೆಯ ಲಾರಿ ಬಂದ ಹಾಗೆ.

ಐಎಇಎ: ಕರೆದರೆ ಬರುತ್ತಾರೆ, ಕರೆಯದೆ ಬರಲ್ಲ

ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, 1957ರಲ್ಲಿ ಶುರುವಾಯಿತು. ಎಲ್ಲರೂ ಮೊದಲು ನೆನೆಯುವ ಹೆಸರು ಇದು. ಇವರದು ಓಸಾರ್ಟ್ ಅಂತ ಒಂದು ಯೋಜನೆ, 1982ರಿಂದ ಇದೆ. ಬೇರೆ ಬೇರೆ ದೇಶದ ಹತ್ತು ಹದಿನೈದು ತಜ್ಞರು ಬಂದು ಎರಡೂವರೆ ಮೂರು ವಾರ ಸ್ಥಾವರದಲ್ಲೇ ಇದ್ದು, ಕಂಟ್ರೋಲ್ ರೂಮಿನಿಂದ ಹಿಡಿದು ತುರ್ತು ಯೋಜನೆಯ ತನಕ ಎಲ್ಲ ನೋಡಿ, ಇದು ಸರಿಮಾಡಿ, ಇದು ಸರಿಮಾಡಿದರೆ ಒಳ್ಳೆಯದು, ಇದು ಚೆನ್ನಾಗಿದೆ ಅಂತ ಮೂರು ಥರದಲ್ಲಿ ಬರೆದುಕೊಡುತ್ತಾರೆ. ಒಂದೂವರೆ ವರ್ಷದ ಹೊತ್ತಿಗೆ ಮತ್ತೆ ಬಂದು, ಹೇಳಿದ್ದೆಲ್ಲ ಆಯ್ತಾ ಅಂತ ನೋಡುತ್ತಾರೆ. ನಮ್ಮ ದೇಶಕ್ಕೆ ಮೊದಲ ಓಸಾರ್ಟ್ ಬಂದಿದ್ದು 2012ರಲ್ಲಿ, ರಾಜಸ್ಥಾನ ಅಣುಸ್ಥಾವರದ 3 ಮತ್ತು 4ನೇ ಘಟಕಕ್ಕೆ.

ಇವರ ದೊಡ್ಡ ಅನುಕೂಲ ಅಂದರೆ ವರದಿ ಜನರ ಕೈಗೆ ಸಿಗುತ್ತದೆ. ಆ ದೇಶ ಬೇಡ ಅಂತ ಬರೆದು ಕೊಡದಿದ್ದರೆ ತೊಂಬತ್ತು ದಿನ ಆದ ಮೇಲೆ ತೆರೆದಿಡುತ್ತಾರೆ. ಅನನುಕೂಲವೂ ಅದರಲ್ಲೇ ಇದೆ. ವರದಿ ಹೊರಗೆ ಹೋಗುತ್ತೆ ಅಂತ ಗೊತ್ತಿದ್ದರೆ ಸ್ಥಾವರದವರು ಬಣ್ಣ ಹೊಡೆದು ಗುಡಿಸಿ ಸಾರಿಸಿ ಇಟ್ಟಿರುತ್ತಾರೆ, ಶಾಲೆಗೆ ಇನ್ಸ್‌ಪೆಕ್ಟರ್ ಬರುವ ದಿನದ ಹಾಗೆ. ಜೊತೆಗೆ ಇವರಿಗೆ ಆರ್ಡರ್ ಮಾಡುವ ಅಧಿಕಾರ ಇಲ್ಲ. ಹೇಳಬಹುದು, ಅಷ್ಟೇ. ಮಾಡಿಸುವ ಹಾಗಿಲ್ಲ.

ನಿಯಂತ್ರಣ ಸಂಸ್ಥೆಯನ್ನೇ ಪರೀಕ್ಷೆ ಮಾಡುವ ಇನ್ನೊಂದು ತಂಡ ಐಎಇಎಯಲ್ಲಿದೆ. ನಾನು ಜಾಸ್ತಿ ಬೆಲೆ ಕೊಡೋದು ಇದಕ್ಕೆ. 2015ರ ಮಾರ್ಚ್‌ನಲ್ಲಿ ಆ ತಂಡ ಭಾರತಕ್ಕೆ ಬಂದು ನಮ್ಮ ನಿಯಂತ್ರಣ ಸಂಸ್ಥೆ ಎಇಆರ್‌ಬಿಯನ್ನು ನೋಡಿತು. ಕೆಲಸ ಚೆನ್ನಾಗಿ ಮಾಡುತ್ತೀರಿ, ಆದರೆ ನಿಮ್ಮ ಸ್ವಾತಂತ್ರ್ಯ ಕಾನೂನಿನಲ್ಲೇ ಬರೆದಿರಬೇಕು ಅಂದಿತು. ಒಳಗಿನವರು ಅದನ್ನು ಹತ್ತು ಸಲ ಹೇಳಿದರೂ ಕೇಳಿಸಲ್ಲ. ಹೊರಗಿನವರು ಒಂದು ಸಲ ಹೇಳಿದರೆ ಪೇಪರಿನಲ್ಲಿ ಬರುತ್ತದೆ.

ವಾನೋ: ಪಕ್ಕದ ತೋಟದ ಬಾವ

ನಮ್ಮ ಪಕ್ಕದ ತೋಟದ ಬಾವ ಭಾನುವಾರ ಬೆಳಿಗ್ಗೆ ಸುಮ್ನೆ ಬರುತ್ತಾರೆ. ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿ, ಕಾಫಿ ಕುಡಿಯುತ್ತಾ, "ಆ ಮೂಲೆಯಲ್ಲಿ ಮರಗಸಿ ಸಾಲದು ಬಾವ, ಕೊಳೆರೋಗ ಬರ್ತದೆ ನೋಡಿ" ಅನ್ನುತ್ತಾರೆ. ಆ ಮಾತು ಊರಿಗೆ ಹೋಗಲ್ಲ. ಹಾಗಾಗಿ ನಾನೂ ನಿಜ ಹೇಳುತ್ತೇನೆ: ಹೌದು ಬಾವ, ಈ ವರ್ಷ ನೆರಳಿನ ಕೊಂಬೆ ಕಡಿಯೋಕೆ ಆಳು ಸಿಗಲಿಲ್ಲ.

ವಾನೋ ಅಂದರೆ ಇದೇ. ಚೆರ್ನೋಬಿಲ್ ಆದ ಮೇಲೆ ಪ್ರಪಂಚದ ಅಣುಸ್ಥಾವರ ನಡೆಸುವವರೆಲ್ಲ ಸೇರಿ 1989ರಲ್ಲಿ ಮಾಸ್ಕೋದಲ್ಲಿ ಕಟ್ಟಿಕೊಂಡ ಸಂಘ. ಅಟ್ಲಾಂಟಾ, ಪ್ಯಾರಿಸ್, ಮಾಸ್ಕೋ, ಟೋಕಿಯೋದಲ್ಲಿ ಇದರ ಪ್ರಾದೇಶಿಕ ಕೇಂದ್ರಗಳು. ನಮ್ಮ ದೇಶದ ಅಣುಸ್ಥಾವರ ನಡೆಸುವ ಎನ್‌ಪಿಸಿಐಎಲ್ ಟೋಕಿಯೋ ಕೇಂದ್ರಕ್ಕೆ ಸೇರಿದೆ. ಸರ್ಕಾರಗಳಿಗೆ ಇಲ್ಲಿ ಜಾಗ ಇಲ್ಲ, ಬರುವವರೂ ನಮ್ಮ ಹಾಗೆ ಶಿಫ್ಟ್ ಮಾಡಿದವರೇ. ವರದಿ ಗುಟ್ಟು.

ನಾನಿದ್ದ ಸ್ಥಾವರಕ್ಕೆ ಇಂಥದ್ದೊಂದು ತಂಡ ಬಂದಿತ್ತು. ನಮ್ಮ ಕಡೆಗೆ ಬಂದವನು ಮಾತೇ ಆಡುತ್ತಿರಲಿಲ್ಲ. ಮೊದಲ ದಿನ ನಾವು ಪೈಲು, ರೆಕಾರ್ಡು, ಗ್ರಾಫು ಎಲ್ಲ ಮೇಜಿನ ಮೇಲೆ ಜೋಡಿಸಿ ಕಾದೆವು. ಆತ ಅದನ್ನು ಮುಟ್ಟಲೇ ಇಲ್ಲ, ಟರ್ಬೈನ್ ಹಾಲಿನ ಮೆಟ್ಟಿಲ ಕೆಳಗೆ ಒಂದು ಗಂಟೆ ನಿಂತ. ಸಂಜೆ ಅವನ ಚಿಕ್ಕ ಪುಸ್ತಕದಲ್ಲಿದ್ದದ್ದು ಇಷ್ಟು: ಎಷ್ಟು ಜನ ಮೆಟ್ಟಿಲು ಹತ್ತಿದರು, ಅವರಲ್ಲಿ ಎಷ್ಟು ಜನ ಕೈಕಂಬಿ ಹಿಡಿಯಲಿಲ್ಲ, ಒಂದು ವಾಲ್ವಿನ ಮೇಲೆ ತಗಡಿನ ನಂಬರ್ ಪ್ಲೇಟ್ ಬದಲು ಚಾಕ್‌ಪೀಸಿನಲ್ಲಿ ಯಾಕೆ ಬರೆದಿದೆ. ನಮಗೆ ನಗು ಬಂತು. ಆಮೇಲೆ ಯೋಚಿಸಿದಾಗ ನಗು ನಿಂತಿತು. ಚಾಕ್‌ಪೀಸು ಅಳಿಸಿ ಹೋಗಿ, ರಾತ್ರಿ ಪಾಳಿಯ ಹುಡುಗ ಪಕ್ಕದ ವಾಲ್ವ್ ತಿರುಗಿಸಿದರೆ?

ಅಭ್ಯಾಸದ ಕಾಯಿಲೆಗೆ ವಾನೋಗಿಂತ ಒಳ್ಳೇ ಮದ್ದು ನನಗೆ ಗೊತ್ತಿಲ್ಲ. ಆದರೆ ಗುಟ್ಟು ಅನ್ನೋದಕ್ಕೆ ಬೆಲೆ ಇದೆ. ಸ್ಥಾವರದ ಪಕ್ಕದ ಹಳ್ಳಿಯವರು, ನಮ್ಮ ಬಗ್ಗೆ ಏನು ಬರೆದಿದ್ದಾರೆ ತೋರಿಸಿ ಅಂದರೆ ತೋರಿಸೋಕೆ ಏನೂ ಇರಲ್ಲ. ಮತ್ತೆ ಇವರು ದುಡ್ಡು ಕೊಡುವವರೂ ಅಲ್ಲ.

ಒಬ್ಬರ ಪಾಠ ಇನ್ನೊಬ್ಬರಿಗೆ ತಲುಪದಿದ್ದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮದೇ ಉದಾಹರಣೆ ಇದೆ. 1975ರಲ್ಲಿ ಅಮೆರಿಕದ ಬ್ರೌನ್ಸ್ ಫೆರಿ ಅಣುಸ್ಥಾವರದಲ್ಲಿ, ಗೋಡೆಯ ಕಿಂಡಿಯಲ್ಲಿ ಗಾಳಿ ಸೋರುತ್ತಾ ಅಂತ ಒಬ್ಬ ಮೇಣದಬತ್ತಿ ಹಿಡಿದು ನೋಡಿದ. ಕಿಂಡಿ ಮುಚ್ಚಿದ್ದ ಫೋಮಿಗೆ ಬೆಂಕಿ ಹತ್ತಿ ಸಾವಿರದ ಆರುನೂರರಷ್ಟು ಕೇಬಲ್ ಹಾಳಾದವು. ಕೇಬಲ್ಲುಗಳನ್ನು ಬೇರೆ ಬೇರೆ ದಾರಿಯಲ್ಲಿ ಹಾಕಿ, ನಡುವೆ ಬೆಂಕಿ ತಡೆ ಇಡಿ ಅನ್ನೋ ಪಾಠ ಅವತ್ತೇ ಸಿಕ್ಕಿತ್ತು. ಹದಿನೆಂಟು ವರ್ಷದ ಮೇಲೆ, 1993ರ ಮಾರ್ಚ್ 31ರಂದು, ಉತ್ತರ ಪ್ರದೇಶದ ನಮ್ಮ ನರೋರಾ ಅಣುಸ್ಥಾವರದಲ್ಲಿ ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಎದ್ದಿತು. ಕೇಬಲ್ ಸುಟ್ಟು ಇಡೀ ಸ್ಥಾವರಕ್ಕೆ ಸುಮಾರು ಹದಿನೇಳು ಗಂಟೆ ಕರೆಂಟೇ ಇರಲಿಲ್ಲ. ಬೆಂಕಿ ಆರಿಸಲು ಇಟ್ಟಿದ್ದ ಡೀಸೆಲ್ ಪಂಪಿನಿಂದ ನೀರು ಹಾಯಿಸಿ ನಮ್ಮವರು ರಿಯಾಕ್ಟರನ್ನು ಉಳಿಸಿದರು. ಟರ್ಬೈನ್ ಕಡೆಯವನಾದ ನನಗೆ ಆ ತಾರೀಖು ಮರೆಯೋದೇ ಇಲ್ಲ.

ದುಡ್ಡು ಕೊಡುವವರು: ಚೆಕ್ಕಿನ ಹಿಂದೆ ಏನು ಬರೆದಿದೆ ನೋಡಿ

ಸೋವಿಯತ್ ಒಡೆದ ಮೇಲೆ ಪಶ್ಚಿಮ ಯುರೋಪಿಗೆ ಚಳಿ ಹಿಡಿಯಿತು. ಪಕ್ಕದಲ್ಲೇ ಹಳೇ ರಿಯಾಕ್ಟರುಗಳು, ನಡೆಸುವವರಿಗೆ ಸಂಬಳ ಇಲ್ಲ. 1992ರಲ್ಲಿ ಮ್ಯೂನಿಕ್‌ನಲ್ಲಿ ಜಿ-7 ಅನ್ನೋ ಏಳು ಶ್ರೀಮಂತ ದೇಶಗಳು ಸೇರಿ ಒಂದು ಕಾರ್ಯಕ್ರಮ ಮಾಡಿದವು. ಮರುವರ್ಷ ಲಂಡನ್ನಿನ ಇಬಿಆರ್‌ಡಿ, ಅಂದರೆ ಯುರೋಪಿನ ಪುನರ್ನಿರ್ಮಾಣ ಮತ್ತು ಅಭಿವೃದ್ಧಿ ಬ್ಯಾಂಕಿನಲ್ಲಿ ಅಣು ಸುರಕ್ಷತೆಗೇ ಅಂತ ಬೇರೆ ಖಾತೆ ತೆರೆದರು. ಸಾಲ ಅಲ್ಲ, ಅನುದಾನ. ಬಲ್ಗೇರಿಯಾದ ಕೊಜ್ಲೊದುಯ್, ಲಿಥುವೇನಿಯಾದ ಇಗ್ನಲಿನಾ, ಆಮೇಲೆ ರಷ್ಯಾ, ಉಕ್ರೇನ್, ಎಲ್ಲರಿಗೂ ಕೊಟ್ಟರು.

ಷರತ್ತೇನು ಗೊತ್ತಾ? ಇಗ್ನಲಿನಾದ್ದು ಚೆರ್ನೋಬಿಲ್ ಮಾದರಿ. ಅದರಲ್ಲಿ ಇಂಧನ ಕೂರುವ ಸಾವಿರಕ್ಕೂ ಜಾಸ್ತಿ ಕೊಳವೆಗಳಿವೆ. ವರ್ಷ ಕಳೆದ ಹಾಗೆ ಅವುಗಳ ಸುತ್ತ ಇರುವ ಸಂದು ಮುಚ್ಚುತ್ತಾ ಬರುತ್ತದೆ, ಆಗ ಕೊಳವೆ ಬದಲಿಸಿದರೆ ರಿಯಾಕ್ಟರಿಗೆ ಇನ್ನಷ್ಟು ಆಯುಷ್ಯ. ಒಪ್ಪಂದದಲ್ಲಿ ಬರೆಸಿಕೊಂಡ ಮುಖ್ಯ ಮಾತು: ಕೊಳವೆ ಬದಲಿಸಬಾರದು. ಅಂದರೆ ಇವತ್ತಿನ ಸುರಕ್ಷತೆಗೆ ದುಡ್ಡು ಕೊಡುತ್ತೇವೆ, ನಾಳೆ ಬದುಕೋಕೆ ಬಿಡಲ್ಲ. ಆಮೇಲೆ ಯುರೋಪ್ ಒಕ್ಕೂಟ ಸೇರಬೇಕಾದರೆ ಮುಚ್ಚಲೇಬೇಕು ಅಂದರು. ಮೊದಲ ಘಟಕ 2004ರ ಕೊನೇ ದಿನ ನಿಂತಿತು, ಎರಡನೆಯದು 2009ರ ಕೊನೇ ದಿನ. ಒಂದು ಕಾಲಕ್ಕೆ ಲಿಥುವೇನಿಯಾದ ಮುಕ್ಕಾಲು ಪಾಲಿನಷ್ಟು ಕರೆಂಟು ಅಲ್ಲಿಂದ ಬರುತ್ತಿತ್ತು. ಕೊಜ್ಲೊದುಯ್‌ನ ಮೊದಲ ಎರಡು ಘಟಕ 2002ರಲ್ಲಿ ಹೋದವು, 3 ಮತ್ತು 4 ನಿಂತಿದ್ದು 2006ರ ಕೊನೆಗೆ. ಮರುದಿನವೇ, 2007ರ ಜನವರಿ 1ಕ್ಕೆ, ಬಲ್ಗೇರಿಯಾ ಒಕ್ಕೂಟದ ಸದಸ್ಯ!

ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕೊರಕ ಹಿಡಿದ ಗಿಡ ಕೀಳಿಸೋಕೆ ಯಾರಾದರೂ ದುಡ್ಡು ಕೊಡುತ್ತಾರೆ ಅಂದರೆ ತೆಗೆದುಕೊಳ್ಳಬೇಕು. ಕಿತ್ತ ಜಾಗದಲ್ಲಿ ಏನು ನೆಡುತ್ತೀರಿ ಅನ್ನೋದು ಮಾತ್ರ ಮೊದಲೇ ಗೊತ್ತಿರಬೇಕು.

ಇಷ್ಟು ದೊಡ್ಡ ಕೆಲಸ ಬೇರೆ ಯಾರ ಕೈಯಲ್ಲೂ ಆಗಲ್ಲ ಅನ್ನೋದನ್ನೂ ಒಪ್ಪಬೇಕು. ಚೆರ್ನೋಬಿಲ್‌ನ 4ನೇ ಘಟಕದ ಮೇಲೆ 2016ರಲ್ಲಿ ಹಳಿ ಮೇಲೆ ಜಾರಿಸಿ ಕೂರಿಸಿದ ಉಕ್ಕಿನ ಕಮಾನು ಇದೆಯಲ್ಲ, 108 ಮೀಟರ್ ಎತ್ತರ, 257 ಮೀಟರ್ ಅಗಲ, ಖರ್ಚು ಸುಮಾರು 150 ಕೋಟಿ ಯೂರೋ. ನಲವತ್ತಕ್ಕೂ ಜಾಸ್ತಿ ದೇಶ ಸೇರಿ ಕೊಟ್ಟ ದುಡ್ಡು. 2025ರ ಫೆಬ್ರವರಿಯಲ್ಲಿ ಒಂದು ಡ್ರೋನ್ ಅದಕ್ಕೇ ತೂತು ಮಾಡಿತು, ಅದು ಬೇರೆ ಸಂಕಟ.

ಒಂದು ದೇಶ ಇನ್ನೊಂದು ದೇಶಕ್ಕೆ

ಸ್ವೀಡನ್ ಇಗ್ನಲಿನಾಗೆ ಕೈಹಿಡಿಯಿತು, ಯಾಕಂದರೆ ನಡುವೆ ಇರೋದು ಒಂದು ಸಮುದ್ರ ಮಾತ್ರ, ಗಾಳಿ ಬೀಸಿದರೆ ಅವರ ಮನೆಗೇ ಬರುತ್ತದೆ. ಸಹಾಯ ಮಾಡುವವನಿಗೂ ಭಯ ಇದ್ದರೆ ಸಹಾಯ ಜಾಸ್ತಿ ದಿನ ನಿಲ್ಲುತ್ತದೆ. ಇದು ನನ್ನ ಅನಿಸಿಕೆ.

ಅಮೆರಿಕ ದೂರದಿಂದ ಬಂತು. ಅವರು ಕೊಟ್ಟದ್ದರಲ್ಲಿ ಎರಡು ನನಗೆ ಬಹಳ ಇಷ್ಟ. ಒಂದು ಸಿಮ್ಯುಲೇಟರ್, ಅಂದರೆ ಕಂಟ್ರೋಲ್ ರೂಮಿನ ಯಥಾವತ್ ನಕಲು, ಅಲ್ಲಿ ಎಷ್ಟು ಸಲ ಅಪಘಾತ ಮಾಡಿದರೂ ಯಾರಿಗೂ ಏನೂ ಆಗಲ್ಲ. ಇನ್ನೊಂದು, ತುರ್ತು ಹೊತ್ತಿನ ಕೈಪಿಡಿ ಬರೆಯುವ ಹೊಸ ಕ್ರಮ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1979ರ ಮಾರ್ಚ್ 28, ಅಮೆರಿಕದ ತ್ರೀ ಮೈಲ್ ಐಲ್ಯಾಂಡ್. ಒತ್ತಡ ಇಳಿಸುವ ಒಂದು ವಾಲ್ವ್ ತೆರೆದುಕೊಂಡಿತು, ಮತ್ತೆ ಮುಚ್ಚಲಿಲ್ಲ. ಪ್ಯಾನೆಲ್ಲಿನ ದೀಪ ನೋಡಿದರೆ ಮುಚ್ಚಿದೆ ಅನ್ನುವ ಹಾಗಿತ್ತು, ಯಾಕಂದರೆ ಆ ದೀಪ ತೋರಿಸುತ್ತಿದ್ದದ್ದು ಮುಚ್ಚು ಅಂತ ಆಜ್ಞೆ ಹೋಗಿದೆ ಅಂತ ಮಾತ್ರ. ನೀರು ಸೋರಿ ಹೋಗುತ್ತಿದ್ದರೂ ಒಂದು ಮೀಟರು ನೀರು ಜಾಸ್ತಿಯಾಗಿದೆ ಅಂದಿತು. ಆಪರೇಟರುಗಳು ಅದನ್ನು ನಂಬಿ ತುರ್ತು ನೀರನ್ನು ತಾವೇ ಕಮ್ಮಿ ಮಾಡಿದರು. ಇಂಧನದಲ್ಲಿ ಅರ್ಧದಷ್ಟು ಕರಗಿತು. ಹಳೇ ಕೈಪಿಡಿ ಏನು ಹೇಳುತ್ತಿತ್ತು ಅಂದರೆ, ಮೊದಲು ಯಾವ ಅಪಘಾತ ಅಂತ ಗುರುತಿಸು, ಆಮೇಲೆ ಆ ಅಧ್ಯಾಯ ತೆರೆ. ಗುರುತಿಸೋದೇ ತಪ್ಪಾದರೆ? ಹೊಸ ಕ್ರಮದಲ್ಲಿ ಅಪಘಾತದ ಹೆಸರೇ ಬೇಡ. ಶಾಖ ಎಷ್ಟು, ಒತ್ತಡ ಎಷ್ಟು, ನೀರು ಎಷ್ಟು ನೋಡು, ಇಂಧನ ತಂಪಾಗಿರುವ ಹಾಗೆ ನೋಡಿಕೋ, ಕಾರಣ ಆಮೇಲೆ. ರಾತ್ರಿ ಉಸಿರುಕಟ್ಟಿ ಬಂದವನಿಗೆ ಡಾಕ್ಟರು ಮೊದಲು ಆಕ್ಸಿಜನ್ ಹಾಕಿ, ರೋಗದ ಹೆಸರು ಬೆಳಿಗ್ಗೆ ಹುಡುಕುವ ಹಾಗೆ. 1990ರ ದಶಕದಲ್ಲಿ ರಷ್ಯಾ, ಉಕ್ರೇನ್ ಕಡೆಯ ಸ್ಥಾವರಗಳು ಇಂಥ ಕೈಪಿಡಿ ಬರೆಯೋಕೆ ಅಮೆರಿಕದವರು ಜೊತೆಗೆ ಕೂತರು. ಕಾಗದದ ಕೆಲಸ, ಉಕ್ಕು ಸಿಮೆಂಟು ಏನೂ ಬೇಡ. ಫಲ ಮಾತ್ರ ದೊಡ್ಡದು.

ಸಾಮಾನು ಕೊಡುವ ಸಹಾಯದಲ್ಲಿ ತೊಂದರೆ ಎಲ್ಲಿದೆ ಅಂದರೆ ಬಿಡಿಭಾಗದಲ್ಲಿ. ನಾನು ಸಬ್ಸಿಡಿಯಲ್ಲಿ ಒಂದು ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಮೆಷಿನ್, ತೆಗೆದುಕೊಂಡಿದ್ದೆ. ಮೊದಲ ಸೀಸನ್ ಬಂಗಾರದ ಹಾಗೆ ಓಡಿತು. ಎರಡನೇ ಸೀಸನ್ನಿಗೆ ಬೇರಿಂಗ್ ಹೋಯಿತು, ಆ ಅಳತೆಯದ್ದು ಎಲ್ಲೂ ಸಿಗಲಿಲ್ಲ. ಮಾರಿದವನ ಫೋನ್ ನಂಬರ್ ಚಾಲ್ತಿಯಲ್ಲಿಲ್ಲ. ಈಗ ಶೆಡ್ಡಿನಲ್ಲಿ ಗೋಣಿ ಹೊದ್ದು ಕೂತಿದೆ, ಮೇಲೆ ಕೋಳಿ ಮೊಟ್ಟೆ ಇಡುತ್ತದೆ. ಯಾವ ದೇಶ ಬಂದು ಹೊಳೆಯುವ ಮೆಷಿನ್ ತೋರಿಸಿದರೂ ಮೊದಲು ಕೇಳಬೇಕಾದದ್ದು: ಐದು ವರ್ಷ ಆದ ಮೇಲೆ ಇದರ ಬಿಡಿಭಾಗ, ಸಾಫ್ಟ್‌ವೇರು ಯಾರು ಕೊಡುತ್ತಾರೆ, ಯಾವ ದುಡ್ಡಿನಲ್ಲಿ?

ಕಟ್ಟಿಕೊಟ್ಟವರನ್ನೇ ಕರೆಯೋದು

ಇದು ಸಹಾಯವೋ ವ್ಯಾಪಾರವೋ ಅಂತ ಹೇಳೋದು ಕಷ್ಟ. ಕಟ್ಟಿದವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರಲ್ಲ, ನಿಜ. ಆದರೆ ಇಂಧನ, ಬಿಡಿಭಾಗ, ಸಾಲ ಎಲ್ಲ ಒಂದೇ ಅಂಗಡಿಯಲ್ಲಿ ತೆಗೆದುಕೊಂಡರೆ ಚೌಕಾಸಿ ಮಾಡೋಕೆ ಬಾಯಿ ಇರಲ್ಲ. ಚೆನ್ನಾಗಿ ಮಾಡಿದವರು ಫಿನ್ಲೆಂಡಿನವರು. 1970ರ ದಶಕದಲ್ಲಿ ಸೋವಿಯತ್ ರಿಯಾಕ್ಟರ್ ಕೊಂಡರು, ಆದರೆ ಕವಚ, ಕಂಟ್ರೋಲ್ ವ್ಯವಸ್ಥೆ ನಮಗೆ ಪಶ್ಚಿಮದ್ದೇ ಬೇಕು ಅಂತ ಹಟ ಹಿಡಿದು ಲೊವೀಸಾ ಸ್ಥಾವರ ಕಟ್ಟಿದರು. ಅಮೆರಿಕದ ರಿಯಾಕ್ಟರ್ ಕಂಪನಿ ವೆಸ್ಟಿಂಗ್‌ಹೌಸ್ ಹೆಸರನ್ನೇ ತಿರುಚಿ ಜನ ಅದನ್ನು ಈಸ್ಟಿಂಗ್‌ಹೌಸ್ ಅಂತ ತಮಾಷೆ ಮಾಡುತ್ತಿದ್ದರು. ಇವತ್ತಿಗೂ ಓಡುತ್ತಿದೆ.

ಇವಿಷ್ಟೂ ಬಿಟ್ಟು ಅಣು ಸುರಕ್ಷತಾ ಒಪ್ಪಂದ ಅಂತ ಒಂದಿದೆ. 1996ರಿಂದ ಜಾರಿಯಲ್ಲಿದೆ, ಮೂರು ವರ್ಷಕ್ಕೊಮ್ಮೆ ದೇಶಗಳು ವರದಿ ತಂದು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತವೆ. ಸೇರಿಕೊಳ್ಳಬೇಕು, ಜಾಸ್ತಿ ನಿರೀಕ್ಷೆ ಬೇಡ.

ಹಾಗಾದರೆ ಅರ್ಮೇನಿಯಾ ಏನು ಮಾಡಬೇಕು?

ಸೋವಿಯತ್ ಕಾಲದಲ್ಲಿ ಕಟ್ಟಿದ ಅಲ್ಲಿನ ಮೆತ್ಸಮೋರ್ ಸ್ಥಾವರ ರಾಜಧಾನಿ ಯೆರೆವಾನಿನಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್. 1988ರ ಡಿಸೆಂಬರ್ 7ರಂದು ಸ್ಪಿತಾಕ್ ಭೂಕಂಪ ಆಗಿ ಸುಮಾರು 25 ಸಾವಿರ ಜನ ಸತ್ತರು. ಸ್ಥಾವರಕ್ಕೆ ಏಟು ಬೀಳಲಿಲ್ಲ, ಆದರೂ ಹೆದರಿ 1989ರ ಶುರುವಿನಲ್ಲಿ ಎರಡೂ ಘಟಕ ನಿಲ್ಲಿಸಿದರು. ಆಮೇಲೆ ಯುದ್ಧ ಬಂತು, ಗಡಿ ಮುಚ್ಚಿತು, ಗ್ಯಾಸ್ ಬರಲಿಲ್ಲ. ಆ ಕೊರೆಯುವ ಚಳಿಗಾಲಗಳಲ್ಲಿ ದಿನಕ್ಕೆ ಒಂದೆರಡು ಗಂಟೆ ಕರೆಂಟು, ಸೌದೆಗೆ ಊರೊಳಗಿನ ಮರ ಕಡಿದರು. 1995ರಲ್ಲಿ ಎರಡನೇ ಘಟಕವನ್ನು ಮತ್ತೆ ಶುರು ಮಾಡಿದರು. ಯುರೋಪಿನವರು ಮುಚ್ಚಿ, 10 ಕೋಟಿ ಯೂರೋ ಕೊಡುತ್ತೇವೆ ಅಂದರು. ಇವರು ಒಪ್ಪಲಿಲ್ಲ.

ಐದು ದಿನದ ಕತ್ತಲೆಗೇ ನನಗೆ ರೇಗುತ್ತಿದೆ, ಫೋನ್ ಚಾರ್ಜ್ ಮಾಡೋಕೆ ಜೀಪ್ ಸ್ಟಾರ್ಟ್ ಮಾಡುತ್ತಿದ್ದೇನೆ. ಅವರಿಗೆ ವರ್ಷಗಟ್ಟಲೆ. ಹಾಗಾಗಿ ಆ ಹಟ ನನಗೆ ಅರ್ಥವಾಗುತ್ತದೆ. ಆದರೆ ಭೂಕಂಪದ ನೆಲ, ಪೂರ್ತಿ ಕವಚ ಇಲ್ಲದ ರಿಯಾಕ್ಟರು, ಅದೂ ಅಷ್ಟೇ ನಿಜ.

ಅವರು ಕರೆಯದೆ ಇದ್ದವರೇ ಇಲ್ಲ. 2011ರಲ್ಲಿ ಓಸಾರ್ಟ್ ಕರೆಸಿದರು, ಜಪಾನಿನ ಫುಕುಶಿಮಾ ದುರಂತ ಆದ ಮೇಲೆ ಯುರೋಪಿನವರು ಶುರು ಮಾಡಿದ, ಭೂಕಂಪ ಪ್ರವಾಹ ಬಂದರೆ ಸ್ಥಾವರ ತಾಳುತ್ತಾ ಅಂತ ನೋಡುವ ಒತ್ತಡ ಪರೀಕ್ಷೆಗೆ 2016ರಲ್ಲಿ ಹೊರಗಿನ ತಂಡಕ್ಕೆ ಬಾಗಿಲು ತೆರೆದರು. ಆಯುಷ್ಯ ಹೆಚ್ಚಿಸುವ ಕೆಲಸಕ್ಕೆ 2015ರಲ್ಲಿ ರಷ್ಯಾದಿಂದ 27 ಕೋಟಿ ಡಾಲರ್ ಸಾಲ, 3 ಕೋಟಿ ಅನುದಾನದ ಒಪ್ಪಂದ ಮಾಡಿಕೊಂಡರು. ಆಮೇಲೆ 2020ರಲ್ಲಿ ಆ ಸಾಲದ ಉಳಿದ ಕಂತು ಬೇಡ ಅಂತ ತಮ್ಮದೇ ದುಡ್ಡು ಹಾಕಿದರು. ಜಾಣರು.

ಹುಡುಗಿಗೆ ನಾನು ಹೇಳಿದ ಕ್ರಮ ಹೀಗಿದೆ. ಮೊದಲನೆಯದು ನಿಯಂತ್ರಣ ಸಂಸ್ಥೆಗೆ ಸಹಾಯ, ಅದೂ ಸಾಮಾನು ಮಾರದವರ ಹತ್ತಿರ: ಐಎಇಎ ಅಥವಾ ಯುರೋಪ್. ಸಾಮಾನು ಮಾರುವವನೇ ಪರೀಕ್ಷೆ ಮಾಡುವವನಿಗೂ ಪಾಠ ಹೇಳಬಾರದು. ವಾನೋ ಹೇಗೂ ಬರುತ್ತಿರಲಿ. ರಿಯಾಕ್ಟರಿನ ಹೊಟ್ಟೆಯೊಳಗಿನ ಕೆಲಸಕ್ಕೆ ರಷ್ಯಾ, ಅದಕ್ಕೆ ಬೇರೆ ದಾರಿಯಿಲ್ಲ. ಭೂಕಂಪದ ಲೆಕ್ಕವನ್ನು ಮಾತ್ರ ಬೇರೆಯವರಿಂದ ಮತ್ತೊಮ್ಮೆ ಮಾಡಿಸಿ, ವರದಿಯನ್ನು ಊರಿಗೆಲ್ಲ ತೋರಿಸಿ. ಇದೇ ಚೀಟಿಯಲ್ಲಿ ಬಾಂಗ್ಲಾದೇಶ ಬಂದಿದ್ದರೆ ಕ್ರಮ ಬೇರೆಯಾಗುತ್ತಿತ್ತು. ಅಲ್ಲಿನ ರೂಪ್ಪುರ ಸ್ಥಾವರದ್ದು ಹೊಸ ರಿಯಾಕ್ಟರು, ಡಿಸೈನ್ ಚಿಂತೆ ಕಮ್ಮಿ, ಜನರ ತರಬೇತಿಯೇ ಮುಖ್ಯ.

"ಸರಿ ಮಾವ, ಮುಚ್ಚೋಕೆ ದುಡ್ಡು ಕೊಡ್ತೀವಿ ಅಂತ ಯುರೋಪಿನ ಹುಡುಗ ಎದ್ದು ನಿಂತ್ರೆ?" ಅಂದಳು. ಬರುತ್ತಾನೆ, ಖಂಡಿತ. ಅವಳಿಗೆ ಚೆರ್ನೋಬಿಲ್‌ನ ಕತೆ ಹೇಳಿದೆ. ದುರಂತ ಆದ ಮೇಲೂ ಅಲ್ಲಿ ಬೇರೆ ಘಟಕಗಳು ಓಡುತ್ತಲೇ ಇದ್ದವು. 1995ರ ಡಿಸೆಂಬರ್‌ನಲ್ಲಿ ಮುಚ್ಚುತ್ತೇವೆ ಅಂತ ಉಕ್ರೇನ್ ಜಿ-7 ಜೊತೆ ಸಹಿ ಮಾಡಿತು. ಬದಲಿಗೆ ಅರ್ಧಕ್ಕೆ ನಿಂತಿದ್ದ ಎರಡು ರಿಯಾಕ್ಟರು ಮುಗಿಸೋಕೆ ದುಡ್ಡು ಕೇಳಿತು, ಒಂದು ಖ್ಮೆಲ್ನಿತ್ಸ್ಕಿಯಲ್ಲಿ, ಇನ್ನೊಂದು ರಿವ್ನೆಯಲ್ಲಿ. ವರ್ಷಗಟ್ಟಲೆ ಎಳೆದಾಡಿದರು. ಚೆರ್ನೋಬಿಲ್‌ನ ಕೊನೇ ಘಟಕ 2000ದ ಡಿಸೆಂಬರ್ 15ಕ್ಕೆ ನಿಂತಿತು. ಆ ಎರಡು ರಿಯಾಕ್ಟರು ಓಡಿದ್ದು 2004ರಲ್ಲಿ.

ನಡುವೆ ನಾಲ್ಕು ವರ್ಷ ಆಯಿತಲ್ಲ, ಅದನ್ನೇ ಹಿಡಿದುಕೋ ಅಂದೆ. ಮುಚ್ಚುವ ತಾರೀಖು ಯಾವ ಹಾಳೆಯಲ್ಲಿದೆಯೋ ಅದೇ ಹಾಳೆಯಲ್ಲಿ ಬದಲಿ ಕರೆಂಟು ಬರುವ ತಾರೀಖೂ ಇರಲಿ, ಎರಡಕ್ಕೂ ಒಂದೇ ಸಹಿ. ಬರೆದುಕೊಂಡಳು. ಅಷ್ಟರಲ್ಲಿ ನನ್ನ ಫೋನಿನ ಚಾರ್ಜ್ ಮುಗಿಯಿತು.